ಕಡಲಿನ ನಡುವೆ ಒಂದು ಹಿಡಿ ಕಳೆ

1492ರ ಸೆಪ್ಟೆಂಬರ್ 17, ಸೋಮವಾರ. ಕೊಲಂಬಸ್‌ನ ಮೂರು ಹಡಗುಗಳು ಕೆನರಿ ದ್ವೀಪಗಳ ಗೊಮೇರಾ ಬಿಟ್ಟು ಹನ್ನೊಂದು ದಿನ ಕಳೆದಿತ್ತು. ಎತ್ತ ನೋಡಿದರೂ ನೀರು. ಮುಂದೆ ನೆಲವಿದೆಯೋ ಇಲ್ಲವೋ ಎಂಬ ಅಳುಕು ನಾವಿಕರ ಎದೆಯಲ್ಲಿ. ಆ ದಿನ ನೀರಿನ ಮೇಲೆ ಹಳದಿ ಮಿಶ್ರಿತ ಕಂದುಬಣ್ಣದ ಕಳೆ ರಾಶಿರಾಶಿಯಾಗಿ ತೇಲಿಬರುತ್ತಿತ್ತು. ಅದರೊಳಗೆ ಒಂದು ಜೀವಂತ ಏಡಿ ಸಿಕ್ಕಿತು. ಕೊಲಂಬಸ್ ಅದನ್ನು ಜೋಪಾನವಾಗಿ ತೆಗೆದಿಟ್ಟುಕೊಂಡ. ದಡದಿಂದ ಎಂಬತ್ತು ಹರದಾರಿಯ ಆಚೆಗೆ ಏಡಿ ಇರುವುದಿಲ್ಲ, ಆದ್ದರಿಂದ ನೆಲ ಹತ್ತಿರವೇ ಇದೆ ಎಂಬುದು ಅವನ ಲೆಕ್ಕ. ಅವನ ದಿನಚರಿಯ ಮೂಲಪ್ರತಿ ಇಂದು ನಮಗೆ ಉಳಿದಿಲ್ಲ. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಮಾಡಿಕೊಂಡ ಸಾರಾಂಶದಲ್ಲಿ ಈ ಏಡಿಯ ಪ್ರಸಂಗ ಉಳಿದುಕೊಂಡಿದೆ.

ನೆಲ ಕಂಡದ್ದು ಇನ್ನೂ ಇಪ್ಪತ್ತೈದು ದಿನಗಳ ನಂತರ, ಅಕ್ಟೋಬರ್ 12ರಂದು.

ಲೆಕ್ಕ ತಪ್ಪಿದ್ದು ಎಲ್ಲಿ? ಆ ಏಡಿಗೆ ದಡದ ಹಂಗೇ ಇರಲಿಲ್ಲ. ಅದು ಹುಟ್ಟಿದ್ದು, ಬೆಳೆದದ್ದು, ಜೋಡಿಯಾದದ್ದು ಎಲ್ಲ ನಡುಗಡಲಿನಲ್ಲೇ. ಅದರ ಪಾಲಿಗೆ ಕಾಲಡಿಯ ಆ ಕಳೆಯೇ ನೆಲ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಆ ಜೀವಿಗೆ 1758ರಲ್ಲಿ ಲಿನೇಯಸ್ 'ಕ್ಯಾನ್ಸರ್ ಮಿನುಟಸ್' ಎಂದು ಹೆಸರಿಟ್ಟ. ಈಗಿನ ಶಾಸ್ತ್ರೀಯ ಹೆಸರು ಪ್ಲೇನ್ಸ್ ಮಿನುಟಸ್. ಜನ ಅದನ್ನು ಕರೆಯುವುದು ಮಾತ್ರ ಕೊಲಂಬಸ್ ಏಡಿ ಎಂದು.

ಈ ಪ್ರಸಂಗ ಓದಿದಾಗಲೆಲ್ಲ ನನಗೆ ನಾವಿಕರಿಗಿಂತ ಆ ಏಡಿಯೇ ಹೆಚ್ಚು ನೆನಪಾಗುತ್ತದೆ. ಕೆಳಗೆ ನಾಲ್ಕೈದು ಕಿಲೋಮೀಟರ್ ಆಳ. ದಡ ಸಾವಿರಾರು ಕಿಲೋಮೀಟರ್ ದೂರ. ಅಂಥಲ್ಲಿ ಹಿಡಿದುಕೊಳ್ಳಲು ಒಂದು ಎಸಳು ಸಿಕ್ಕಿದರೆ ಸಂಸಾರ ನಡೆಯುತ್ತದೆ. ಸಿಗದಿದ್ದರೆ ಬದುಕೇ ಇಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ನಮ್ಮ ಗಾದೆಯನ್ನು ಅಕ್ಷರಶಃ ಬಾಳುತ್ತಿರುವ ಜೀವಿಗಳಿವು. ಸೀಗಡಿ-ಏಡಿಗಳ ದೊಡ್ಡ ವಂಶದಲ್ಲಿ ಹುಟ್ಟಿದ, ಹೆಚ್ಚಾಗಿ ಅಕ್ಕಿಕಾಳಿನಿಂದ ಹೆಬ್ಬೆರಳಿನವರೆಗಿನ ಗಾತ್ರದ ಈ ಪುಟ್ಟವರ ಕಥೆ ಹೇಳಬೇಕೆಂದು ನನಗೆ ಬಹಳ ದಿನದ ಆಸೆ.

ದಡವಿಲ್ಲದ ಸಮುದ್ರ

ಲೋಕದ ಎಲ್ಲ ಸಮುದ್ರಗಳಿಗೂ ಎಲ್ಲೋ ಒಂದು ಕಡೆ ನೆಲದ ಎಲ್ಲೆ ಇರುತ್ತದೆ. ಸಾರ್ಗಾಸೋ ಸಮುದ್ರಕ್ಕೆ ಅದಿಲ್ಲ. ಉತ್ತರ ಅಟ್ಲಾಂಟಿಕ್‌ನಲ್ಲಿ ನಾಲ್ಕು ಪ್ರವಾಹಗಳು ಸುತ್ತುವರಿದು ಅದಕ್ಕೆ ಬೇಲಿ ಹಾಕಿವೆ: ಪಶ್ಚಿಮಕ್ಕೆ ಗಲ್ಫ್ ಸ್ಟ್ರೀಮ್, ಉತ್ತರಕ್ಕೆ ಉತ್ತರ ಅಟ್ಲಾಂಟಿಕ್ ಪ್ರವಾಹ, ಪೂರ್ವಕ್ಕೆ ಕೆನರಿ ಪ್ರವಾಹ, ದಕ್ಷಿಣಕ್ಕೆ ಸಮಭಾಜಕದ ಬಳಿಯ ಪ್ರವಾಹ. ನಡುವಿನ ನೀರು ನಿಧಾನವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಉದ್ದ ಸುಮಾರು 3,200 ಕಿಲೋಮೀಟರ್, ಹೆಚ್ಚುಕಡಿಮೆ ಕಾಶ್ಮೀರದಿಂದ ಕನ್ಯಾಕುಮಾರಿಯಷ್ಟು. ಅಷ್ಟು ದೊಡ್ಡ ಹರಹಿನಲ್ಲಿ ನೆಲವೆಂದರೆ ಬರ್ಮುಡಾ ದ್ವೀಪಗಳು ಮಾತ್ರ.

ಅಲ್ಲಿನ ನೀರು ಗಾಢ ನೀಲಿ, ಕನ್ನಡಿಯಷ್ಟು ತಿಳಿ. ನೋಡಲು ಚೆಂದ, ಬದುಕಲು ಕಷ್ಟ. ನೀರು ಅಷ್ಟು ತಿಳಿಯಾಗಿದೆಯೆಂದರೆ ಅದರಲ್ಲಿ ಪೋಷಕಾಂಶವೂ ಕಡಿಮೆ, ಸೂಕ್ಷ್ಮಸಸ್ಯಗಳೂ ಕಡಿಮೆ ಎಂದರ್ಥ. ಕಡಲೊಳಗಿನ ಮರುಭೂಮಿ ಅದು. ಆ ಮರುಭೂಮಿಯ ಮೇಲೆ ಚಿನ್ನದ ಬಣ್ಣದ ಪೊದೆಗಳು ತೇಲುತ್ತವೆ. ಸಾರ್ಗಾಸಮ್ ಎಂಬ ಕಂದು ಕಡಲಕಳೆ. ಅದರ ಗೆಲ್ಲುಗಳ ತುಂಬ ಬಟಾಣಿಗಿಂತ ಚಿಕ್ಕ, ಗಾಳಿ ತುಂಬಿದ ಗುಳ್ಳೆಗಳು. ಪೋರ್ಚುಗೀಸ್ ನಾವಿಕರಿಗೆ ಆ ಗುಳ್ಳೆಗಳು ತಮ್ಮೂರಿನ ಪುಟ್ಟ ದ್ರಾಕ್ಷಿಯಂತೆ ಕಂಡವಂತೆ. ಸಾರ್ಗಾಸೋ ಎಂಬ ಹೆಸರು ಬಂದದ್ದು ಅವರಿಂದಲೇ.

ಸಾರ್ಗಾಸಮ್ ಕುಲದಲ್ಲಿ ನೂರಾರು ಪ್ರಭೇದಗಳಿವೆ. ಬಹುಪಾಲು ಎಲ್ಲವೂ ಬಂಡೆಗೆ ಬೇರಿನಂಥ ಹಿಡಿಕೆಯಿಂದ ಅಂಟಿಕೊಂಡು ಬೆಳೆಯುವಂಥವು. ನಟಾನ್ಸ್ ಮತ್ತು ಫ್ಲೂಯಿಟಾನ್ಸ್ ಎಂಬ ಎರಡು ಮಾತ್ರ ತಲೆತಲಾಂತರದಿಂದ ತಳ ಮುಟ್ಟಿದ್ದೇ ಇಲ್ಲ. ಹಿಡಿಕೆ ಇಲ್ಲ, ಬೀಜಕಣದ ಗೊಡವೆಯಿಲ್ಲ. ಒಂದು ತುಂಡು ಮುರಿದರೆ ಅದೇ ಇನ್ನೊಂದು ಗಿಡ. ಒಂದು ಲೆಕ್ಕದಲ್ಲಿ ಇಂದು ತೇಲುತ್ತಿರುವ ಕಳೆ ಕೊಲಂಬಸ್ ಕಂಡ ಕಳೆಯದೇ ಮುಂದುವರಿದ ದೇಹ.

ಕನ್ನಡದಲ್ಲಿ 'ಕಳೆ' ಎಂದರೆ ಕಿತ್ತೆಸೆಯಬೇಕಾದ ಗಿಡವೂ ಹೌದು, ಮುಖದ ಮೇಲಿನ ಕಾಂತಿಯೂ ಹೌದು. ಈ ಗಿಡಕ್ಕೆ ಎರಡನೆಯ ಅರ್ಥವೇ ಸರಿ ಎಂದು ನಾನು ಹೇಳುತ್ತೇನೆ. ಆ ಬಡ ನೀರಿನ ಮುಖಕ್ಕೆ ಕಳೆ ಬಂದಿರುವುದೇ ಇದರಿಂದ.

ಒಂದು ಹಿಡಿಯೊಳಗೆ ಒಂದು ಊರು

ನಡುಗಡಲಿನಲ್ಲಿ ಈ ಕಳೆಯನ್ನು ಅಧ್ಯಯನ ಮಾಡುವ ವಿಧಾನ ಬಹಳ ಸರಳ. ಉದ್ದ ಹಿಡಿಕೆಯ ಕೈಬಲೆಯಿಂದ ಒಂದು ಪೊದೆಯನ್ನು ಎತ್ತಿ, ಬಕೆಟ್ಟಿನಲ್ಲಿ ಅದ್ದಿ ಜೋರಾಗಿ ಅಲುಗಾಡಿಸುತ್ತಾರೆ. ಕಳೆಯನ್ನು ಹೊರತೆಗೆದ ಮೇಲೆ ಬಕೆಟ್ಟಿನ ನೀರು ನೋಡಬೇಕು. ಬರಿಗಣ್ಣಿಗೆ ಎಲೆ ಅನ್ನಿಸಿದ್ದು ಓಡಾಡತೊಡಗುತ್ತದೆ.

ಮೊದಲು ಕಾಣುವುದು ಲಾಟ್ರೂಟಿಸ್ ಫ್ಯೂಕೋರಮ್ ಎಂಬ ಸೀಗಡಿ. ಸಾರ್ಗಾಸಮ್‌ನ ಅತಿ ಸಾಮಾನ್ಯ ನಿವಾಸಿ. ನಮ್ಮ ಮೀನುಪೇಟೆಯ ಸೀಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಸಿಗುವುದಿಲ್ಲ. ಒಂದೆರಡು ಸೆಂಟಿಮೀಟರ್ ಉದ್ದ, ತೆಳ್ಳಗೆ, ಕಳೆಯದೇ ಜೇನುಬಣ್ಣ. ಮೈಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ. ಆ ಮಚ್ಚೆಗೂ ಕಾರಣವಿದೆ. ಹಳೆಯ ಎಸಳುಗಳ ಮೇಲೆ ಬ್ರಯೋಜೋವಾ ಎಂಬ ಜೀವಿಗಳು ಸುಣ್ಣದ ಬಲೆ ಹೆಣೆದು ಬಿಳಿ ತೇಪೆ ಹಾಕಿರುತ್ತವೆ. ಸೀಗಡಿಯ ಬಿಳಿ ಮಚ್ಚೆ ಆ ತೇಪೆಗಳ ನಡುವೆ ಕರಗಿಹೋಗುತ್ತದೆ. ಸ್ಯಾಲಿ ಹ್ಯಾಕರ್ ಮತ್ತು ಲಾರೆನ್ಸ್ ಮಾಡಿನ್ ಎಂಬ ವಿಜ್ಞಾನಿಗಳು ಇಲ್ಲಿನ ಸೀಗಡಿಗಳ ಮೇಲೆ ಪ್ರಯೋಗ ನಡೆಸಿ 1991ರಲ್ಲಿ ಪ್ರಕಟಿಸಿದರು. ಸೀಗಡಿಗಳು ಸಿಕ್ಕಸಿಕ್ಕಲ್ಲಿ ಕೂರುವುದಿಲ್ಲ. ಕಳೆಯ ರಚನೆ, ಬಣ್ಣ ಎರಡೂ ಅವಕ್ಕೆ ಮುಖ್ಯ. ಗಿಡದ ಭಾಗಗಳನ್ನೇ ಹೋಲುತ್ತ ಅಡಗುತ್ತವೆ ಎಂದು ಅವರು ತೋರಿಸಿಕೊಟ್ಟರು.

ಅಡಗದೆ ಬೇರೆ ದಾರಿಯಿಲ್ಲ. ಅದೇ ಪೊದೆಯಲ್ಲಿ ಹಿಸ್ಟ್ರಿಯೋ ಎಂಬ ಮೀನು ಕುಳಿತಿರುತ್ತದೆ, ಮೈತುಂಬ ಎಸಳಿನಂಥ ಚರ್ಮದ ಜಾಲರಿ ಹೊದ್ದು. ಅದರ ಮುಂಭಾಗದ ಈಜುರೆಕ್ಕೆಗಳು ಕೈಯಂತಾಗಿವೆ. ಗೆಲ್ಲಿನಿಂದ ಗೆಲ್ಲಿಗೆ ಹಿಡಿದುಕೊಂಡು ನಡೆಯುತ್ತದೆ. ಹತ್ತಿರ ಬಂದ ಸೀಗಡಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೀರಿಕೊಳ್ಳುತ್ತದೆ. ಬೇಟೆಯೂ ಬೇಟೆಗಾರನೂ ಒಂದೇ ಬಟ್ಟೆ ತೊಟ್ಟು ಒಂದೇ ಮನೆಯಲ್ಲಿ ಎದುರುಬದುರು ಕೂತಿರುವ ಈ ನೋಟವನ್ನು ನಾನು ಚಿತ್ರಗಳಲ್ಲಿ ಎಷ್ಟು ಸಲ ನೋಡಿದರೂ ಮೊದಲ ಸಲಕ್ಕೆ ಮೀನು ಕಂಡದ್ದಿಲ್ಲ.

ಬಕೆಟ್ಟಿನಲ್ಲಿ ಇನ್ನೂ ಯಾರಿದ್ದಾರೆ? ಕೊಲಂಬಸ್ ಏಡಿ ಇದೆ. ಹಿಂಗಾಲು ಹುಟ್ಟಿನಂತೆ ಚಪ್ಪಟೆಯಾಗಿರುವ ಪೋರ್ಟುನಸ್ ಸಾಯಿ ಎಂಬ ಈಜುವ ಏಡಿಯೂ ಇದೆ. ಅದು ಈ ಊರಿನ ರೌಡಿ, ಸೀಗಡಿಗಳನ್ನು ಹಿಡಿದು ತಿನ್ನುತ್ತದೆ. ಹೂಕುಂಡದ ಅಡಿಯ ತೇವದಲ್ಲಿ ಚಪ್ಪಟೆಯಾದ, ಬೂದುಬಣ್ಣದ, ಹಲವು ಕಾಲಿನ ಹುಳುವನ್ನು ನೀವು ನೋಡಿರಬಹುದು. ಅದರ ಕಡಲ ನೆಂಟರಾದ ಐಸೋಪಾಡ್‌ಗಳು ಇಲ್ಲಿ ಎಸಳಿಗೆ ಮೈಯೊತ್ತಿ ಕೂತಿರುತ್ತವೆ. ಪಕ್ಕದಿಂದ ಪಕ್ಕಕ್ಕೆ ಅಮುಕಿದಂಥ ಮೈಯ ಆಂಫಿಪಾಡ್‌ಗಳಲ್ಲಿ ಒಂದು ಕುಟುಂಬದವು ಕಾಲಿನ ಗ್ರಂಥಿಗಳಿಂದ ರೇಷ್ಮೆಯಂಥ ನೂಲು ತೆಗೆಯುತ್ತವೆ. ಆ ನೂಲಿನಿಂದ ಎಸಳನ್ನು ಸುರುಳಿ ಸುತ್ತಿ ಹೊಲಿದು ಅದರೊಳಗೆ ಮನೆ ಮಾಡುತ್ತವೆ. ಕೆಂಜಿಗ ಮಾವಿನೆಲೆ ಹೊಲಿದು ಗೂಡು ಕಟ್ಟುವುದನ್ನು ಬಲ್ಲ ನಮಗೆ ಇದನ್ನು ಊಹಿಸುವುದು ಸುಲಭ.

ಕ್ಯಾಪ್ರೆಲಾ ಎಂಬುದು ಬರೀ ಎಲುಬುಗೂಡಿನಂಥದು. ಹಿಂಗಾಲಿನ ಕೊಕ್ಕೆಗಳಿಂದ ಗೆಲ್ಲು ಹಿಡಿದು, ಮೈಯನ್ನು ನೆಟ್ಟಗೆ ನಿಲ್ಲಿಸಿ, ನೀರಿನಲ್ಲಿ ಬಾಗಿ ಬಾಗಿ ನಮಸ್ಕರಿಸುತ್ತದೆ. ಭಕ್ತಿಯಿಂದಲ್ಲ, ಹರಿದುಹೋಗುವ ಆಹಾರವನ್ನು ಕೈಗೆ ಸಿಕ್ಕಿಸಿಕೊಳ್ಳಲು.

ಇನ್ನು ಉದ್ದ ಕತ್ತಿನ ಲೇಪಸ್ ಬಾರ್ನಕಲ್. ಬಿಳಿ ಚಿಪ್ಪು ನೋಡಿ ಇದನ್ನು ಬಹುಕಾಲ ಕಪ್ಪೆಚಿಪ್ಪಿನ ಜಾತಿ ಎಂದೇ ನಂಬಿದ್ದರು. 1830ರ ಸುಮಾರಿಗೆ ಐರ್ಲೆಂಡಿನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಮ್ಸನ್ ಅದರ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸೀಗಡಿ-ಏಡಿಯ ದಾಯಾದಿ ಎಂದು ಕಂಡುಹಿಡಿದ. ಮುಂದೆ ಡಾರ್ವಿನ್ ಎಂಟು ವರ್ಷ ಬಾರ್ನಕಲ್‌ಗಳ ಹಿಂದೆಯೇ ಬಿದ್ದಿದ್ದ. ಇದರ ಮರಿ ಈಜುತ್ತ ಬಂದು, ತೇಲುವ ವಸ್ತುವೊಂದಕ್ಕೆ ತನ್ನ ತಲೆಯನ್ನೇ ಅಂಟಿಸಿಕೊಂಡು, ಮುಂದಿನ ಆಯಸ್ಸನ್ನೆಲ್ಲ ತಲೆಕೆಳಗಾಗಿ ಕಳೆಯುತ್ತದೆ. ಕಾಲುಗಳನ್ನು ಬೀಸಿ ಬೀಸಿ ಆಹಾರವನ್ನು ಬಾಯಿಗೆ ತಳ್ಳಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ಮನೆ ಬದಲಿಸುವ ಮಾತಿಲ್ಲ. ಮನೆ ಮುಳುಗಿದರೆ ತಾನೂ ಮುಳುಗಬೇಕು.

ಇಡೀ ಸಾರ್ಗಾಸಮ್ ಊರಿನಲ್ಲಿ ಬೆನ್ನುಮೂಳೆಯಿಲ್ಲದ ಜೀವಿಗಳ 145ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಬೇರೆಲ್ಲೂ ಕಾಣದ, ಈ ಕಳೆಯನ್ನೇ ನಂಬಿ ವಿಕಾಸಗೊಂಡವು ಹತ್ತರಷ್ಟಿವೆ. ಲಕ್ಷಾಂತರ ವರ್ಷ ಈ ತೇಲುಮನೆ ಮುರಿಯದೆ ಇದ್ದಿರಬೇಕು. ಇಲ್ಲವಾದರೆ ಒಂದು ಗಿಡದ ಬಣ್ಣವನ್ನು ಇಷ್ಟು ಚೊಕ್ಕವಾಗಿ ಮೈಗೆ ಬರೆಸಿಕೊಳ್ಳಲು ಸಾಧ್ಯವಾಗುತ್ತಿರಲಿಲ್ಲ.

ಮನೆಗೆ ಬಾಡಿಗೆಯೂ ಸಲ್ಲುತ್ತದೆ. ಪೋಷಕಾಂಶವಿಲ್ಲದ ನೀರಿನಲ್ಲಿ ಗಿಡ ಬೆಳೆಯಬೇಕಲ್ಲ? ಕಳೆಯ ಮೇಲೆ ಬೆಳೆಯುವ ಕೆಲವು ನೀಲಿ-ಹಸಿರು ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುತ್ತವೆ, ನಮ್ಮ ಗದ್ದೆಯ ಅಜೋಲದಲ್ಲಿ ನಡೆಯುವ ಹಾಗೆಯೇ. ಒಳಗೆ ವಾಸಿಸುವ ಮೀನು, ಸೀಗಡಿಗಳ ವಿಸರ್ಜನೆಯಲ್ಲಿರುವ ಅಮೋನಿಯಾ ಕೂಡ ಗಿಡಕ್ಕೇ ಸಲ್ಲುತ್ತದೆ.

ಹೊಟ್ಟೆಯ ಚೀಲ ಮತ್ತು ತೆಪ್ಪ

ಐಸೋಪಾಡ್, ಆಂಫಿಪಾಡ್‌ಗಳ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲಿ.

ಏಡಿ, ಬಾರ್ನಕಲ್‌ಗಳ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ನೀರಿಗಿಳಿದು ವಾರಗಟ್ಟಲೆ ತೇಲಿ, ದೂರದೂರಕ್ಕೆ ಹರಡುತ್ತವೆ. ಐಸೋಪಾಡ್, ಆಂಫಿಪಾಡ್‌ಗಳಿಗೆ ಅಂಥ ತೇಲುವ ಬಾಲ್ಯವೇ ಇಲ್ಲ. ತಾಯಿ ತನ್ನ ಎದೆಯಡಿಯ ಚೀಲದಲ್ಲಿ ಮೊಟ್ಟೆಗಳನ್ನಿಟ್ಟುಕೊಂಡು, ಮರಿಗಳು ತನ್ನದೇ ಪುಟ್ಟ ಪಡಿಯಚ್ಚುಗಳಾಗುವ ತನಕ ಹೊತ್ತು ತಿರುಗುತ್ತದೆ. ಕಾಂಗರೂವಿನ ಹಾಗೆ. ಹೊರಬಂದ ಮರಿ ತಾಯಿ ಕೂತ ಗೆಲ್ಲಿನ ಪಕ್ಕದಲ್ಲೇ ಕೂರುತ್ತದೆ. ಹಾಗಾದರೆ ಇಂಥ ಜೀವಿಗಳು ಹುಟ್ಟಿದ ಬಂಡೆ ಬಿಟ್ಟು ಎಲ್ಲೂ ಹೋಗಬಾರದಿತ್ತು. ಆದರೆ ಸಾಗರದ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಪ್ರಭೇದ ಸಿಗುತ್ತದೆ. ಹೇಗೆ?

ತೇಲುವ ಕಳೆ ಅವುಗಳ ತೆಪ್ಪ. ಅಲೆಯ ಹೊಡೆತಕ್ಕೆ ಬಂಡೆಯಿಂದ ಕಿತ್ತ ಕಡಲಕಳೆಯೊಂದಿಗೆ ಅದರೊಳಗಿದ್ದವರೂ ಹೊರಡುತ್ತಾರೆ. ಮರಿ ಚೀಲದಲ್ಲೇ ಇರುವುದರಿಂದ, ಹೊಸ ದಡ ಸೇರುವಾಗ ಒಂದೇ ಒಂದು ಬಸುರಿ ತಾಯಿ ಇದ್ದರೂ ಸಾಕು, ಅಲ್ಲೊಂದು ಊರು ಹುಟ್ಟುತ್ತದೆ. ದಾರಿಯಲ್ಲೇ ಮಕ್ಕಳು ಮೊಮ್ಮಕ್ಕಳಾದರೂ ಅವು ನೀರುಪಾಲಾಗದೆ ತೆಪ್ಪದ ಮೇಲೆಯೇ ಉಳಿಯುತ್ತವೆ. ಮೇಲ್ನೋಟಕ್ಕೆ ದೂರ ಹೋಗಲಾಗದ ದೌರ್ಬಲ್ಯವೆಂದು ಕಂಡದ್ದೇ ತೆಪ್ಪ ಸಿಕ್ಕಾಗ ಬಲವಾಗುತ್ತದೆ. ಚಿಲಿ ದೇಶದಲ್ಲಿ ಕೆಲಸ ಮಾಡುವ ಮಾರ್ಟಿನ್ ಟೀಲ್ ಮತ್ತು ಜರ್ಮನಿಯ ಲಾರ್ಸ್ ಗುಟೋ ಎಂಬ ವಿಜ್ಞಾನಿಗಳು 2005ರಲ್ಲಿ ಈ ತೆಪ್ಪಪಯಣದ ಕುರಿತ ತಿಳಿವನ್ನೆಲ್ಲ ಒಟ್ಟುಗೂಡಿಸಿ ಬರೆದರು.

ಗುಟೋ ಗಮನಿಸಿದ ಎರಡು ಐಸೋಪಾಡ್‌ಗಳ ಕಥೆ ನೀತಿಕಥೆಯ ಹಾಗಿದೆ. ಎರಡೂ ಐಡೋಟಿಯ ಕುಲದವು, ನೋಡಲು ಅಣ್ಣತಮ್ಮಂದಿರು. ಬಾಲ್ಟಿಕಾ ಎಂಬುದು ದಡದ ಬಳಿ ಕಡಲಕಳೆಯಲ್ಲಿ ಬದುಕುವಂಥದು. ತೇಲುವ ಕಳೆಯನ್ನೂ ಏರುತ್ತದೆ. ಏರಿದ ಮೇಲೆ ಕೂತ ಕೊಂಬೆಯನ್ನೇ ಹೊಟ್ಟೆಬಾಕನಂತೆ ತಿನ್ನುತ್ತದೆ. ತಿಂದು ತಿಂದು ತೆಪ್ಪ ಬೇಗ ಚೂರಾಗುತ್ತದೆ. ಮೆಟಾಲಿಕಾ ಎಂಬ ಇನ್ನೊಂದಕ್ಕೆ ತಳದಲ್ಲಿ ಎಲ್ಲೂ ನೆಲೆಯಿಲ್ಲ. ತೇಲುವ ವಸ್ತುಗಳ ಮೇಲಷ್ಟೇ ಅದರ ಬಾಳು. ಅದು ಕಳೆಯನ್ನು ಮಿತವಾಗಿ ತಿನ್ನುತ್ತದೆ, ನೀರಿನಲ್ಲಿ ಸಿಗುವ ಪುಟ್ಟ ಜೀವಿಗಳಿಂದಲೂ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ತಿಳಿದು ಮಾಡುವ ಸಂಯಮ ಇದಲ್ಲ, ನಿಜ. ಮನೆ ತಿಂದವರ ವಂಶ ಮನೆಯೊಂದಿಗೆ ಮುಳುಗಿ, ಉಳಿಸಿಕೊಂಡವರ ವಂಶ ಮಾತ್ರ ಮುಂದುವರಿದದ್ದರಿಂದ ಬಂದ ಗುಣ.

ಭೂಮಿಯ ದಕ್ಷಿಣ ತುದಿಗೆ ಹೋದರೆ ಈ ಪಯಣ ಇನ್ನೂ ದೊಡ್ಡದಾಗುತ್ತದೆ. ದಕ್ಷಿಣ ಮಹಾಸಾಗರದ ಚಳಿದ್ವೀಪಗಳ ಬಂಡೆಗಳಲ್ಲಿ ಬುಲ್ ಕೆಲ್ಪ್ ಎಂಬ ದೈತ್ಯ ಕಡಲಕಳೆ ಬೆಳೆಯುತ್ತದೆ. ಅದರ ಪಟ್ಟಿಗಳ ಒಳಗೆ ಜೇನುಹಟ್ಟಿಯಂಥ ಗಾಳಿಕೋಣೆಗಳಿವೆ. ಆದ್ದರಿಂದ ಕಿತ್ತರೆ ಮುಳುಗುವುದಿಲ್ಲ. ಅದರ ಬುಡದ ಹಿಡಿಕೆಯನ್ನು ಕೊರೆದು ಒಳಗೆ ವಾಸಿಸುವ ಒಂದು ಐಸೋಪಾಡ್ ಮತ್ತು ಅದೇ ಕೆಲ್ಪ್‌ನಲ್ಲಿರುವ ಒಂದು ಆಂಫಿಪಾಡ್‌ನ ಡಿಎನ್‌ಎಯನ್ನು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ರೈಸಾ ನಿಕುಲಾ ಮತ್ತು ಸಂಗಡಿಗರು ದ್ವೀಪದಿಂದ ದ್ವೀಪಕ್ಕೆ ಹೋಲಿಸಿ ನೋಡಿದರು. ಸಾವಿರಾರು ಕಿಲೋಮೀಟರ್ ದೂರದ ದ್ವೀಪಗಳ ನಡುವೆಯೂ ಅವುಗಳ ನೆಂಟಸ್ತನ ತೀರಾ ಹತ್ತಿರದ್ದು ಎಂದು 2010ರಲ್ಲಿ ಪ್ರಕಟವಾದ ಅವರ ಬರಹ ಹೇಳಿತು. ದೂರ ಈಜಲಾರದ, ಗಾತ್ರದಲ್ಲಿ ಅಕ್ಕಿಕಾಳಿನಷ್ಟಿರುವ ಜೀವಿ ಭೂಮಿಯನ್ನು ಸುತ್ತಿದೆ!

ತೆಪ್ಪಕ್ಕೆ ದಾರಿ ತೋರುವುದು ಗಾಳಿ. 1927ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ರಸಾಯನಶಾಸ್ತ್ರಜ್ಞ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವಾಗ, ಸಾರ್ಗಾಸಮ್ ಎಲ್ಲೆಂದರಲ್ಲಿ ಚೆಲ್ಲಿಕೊಳ್ಳದೆ ಗಾಳಿ ಬೀಸುವ ದಿಕ್ಕಿಗೆ ಉದ್ದುದ್ದ ಸಾಲುಗಳಾಗಿ ನಿಂತಿರುವುದನ್ನು ಗಮನಿಸಿದ. ನಾವಿಕರು ಶತಮಾನಗಳಿಂದ ಕಂಡಿದ್ದರು. ಏಕೆ ಎಂದು ಕೇಳಿದವನು ಇವನು. ಗಾಳಿ ಬೀಸಿದಾಗ ಮೇಲುನೀರು ಅಕ್ಕಪಕ್ಕ ಎದುರುಬದುರಾಗಿ ಉರುಳುವ ಉದ್ದನೆಯ ಸುರುಳಿಗಳಾಗುತ್ತದೆ, ಎರಡು ಸುರುಳಿ ಕೂಡಿ ನೀರು ಕೆಳಗಿಳಿಯುವಲ್ಲಿ ತೇಲುವ ಕಳೆ ಸಾಲುಗಟ್ಟುತ್ತದೆ ಎಂದು 1938ರಲ್ಲಿ ವಿವರಿಸಿದ. ಈ ಸಾಲುಗಳೇ ಕಳೆವಾಸಿಗಳ ಹೆದ್ದಾರಿ. ಒಂದು ಪೊದೆ ಹಾಳಾದರೆ ಪಕ್ಕದ್ದಕ್ಕೆ ದಾಟಿಕೊಳ್ಳಲು ಆಗುವುದು ಸಾಲಿನಲ್ಲಿ ಮಾತ್ರ. ಒಂಟಿ ಪೊದೆಯಿಂದ ಜಾರಿದ ಸೀಗಡಿಗೆ ಸುತ್ತಲ ನೀಲಿಯಲ್ಲಿ ಕಾದಿರುವುದು ಮೀನಿನ ಬಾಯಿ.

ಆ ಮೀನುಗಳ ಮಾತು ಬಂತು. ಕಳೆಯ ಕೆಳಗೆ ಕಾಯುವವರು ಬಹಳ. ಜಪಾನಿನ ಸುತ್ತಲ ಕಡಲಿನಲ್ಲಿ ಬಂಡೆಯಿಂದ ಕಿತ್ತು ತೇಲುವ ಸಾರ್ಗಾಸಮ್‌ಗೆ ನಾಗರೆಮೊ ಎನ್ನುತ್ತಾರೆ. ಹಮಾಚಿ ಎಂದು ಹೆಸರಾದ ಮೀನಿನ ಮರಿಗಳು ಅದರ ನೆರಳಿನಲ್ಲಿ ಅಲ್ಲಿನ ಪುಟ್ಟ ಜೀವಿಗಳನ್ನು ತಿಂದು ಬೆಳೆಯುತ್ತವೆ. ಅಲ್ಲಿನ ಮೀನುಗಾರರು ಆ ಮರಿಗಳನ್ನು ಮೊಜಾಕೊ ಎಂದು ಕರೆದು, ತೇಲುವ ಕಳೆಯನ್ನು ಹುಡುಕಿಕೊಂಡು ಹೋಗಿ ಹಿಡಿದು ತಂದು ಸಾಕುತ್ತಾರೆ. ದೊಡ್ಡದೊಂದು ಮೀನುಸಾಕಣೆ ಉದ್ಯಮಕ್ಕೆ ಬೀಜ ಒದಗುತ್ತಿರುವುದು ಹೀಗೆ ತೇಲುವ ಹುಲ್ಲಿನಡಿಯಿಂದ. ಅಟ್ಲಾಂಟಿಕ್‌ನಲ್ಲಿ ಮೊಟ್ಟೆಯೊಡೆದು ಕಡಲಿಗಿಳಿದ ಆಮೆಮರಿಗಳು ಮೊದಲ ವರ್ಷಗಳಲ್ಲಿ ಎಲ್ಲಿ ಮಾಯವಾಗುತ್ತವೆ ಎಂದು ಆರ್ಚಿ ಕಾರ್ ಎಂಬ ಆಮೆತಜ್ಞ ಜೀವಮಾನವಿಡೀ ಹುಡುಕಿದ. ಉತ್ತರದ ಒಂದು ದೊಡ್ಡ ಪಾಲು ಈ ಕಳೆಯ ಸಾಲುಗಳಲ್ಲಿತ್ತು. ಆಮೆ ದೊಡ್ಡದಾದ ಮೇಲೆ ಋಣ ಬೇರೆ ರೀತಿಯಲ್ಲಿ ತೀರುತ್ತದೆ. ಕೊಲಂಬಸ್ ಏಡಿಗಳು ತೇಲುವ ಆಮೆಯ ಬಾಲದ ಸಂದಿನಲ್ಲಿ, ಹೆಚ್ಚಾಗಿ ಒಂದು ಗಂಡು ಒಂದು ಹೆಣ್ಣು ಜೋಡಿಯಾಗಿ, ಮನೆ ಮಾಡಿಕೊಂಡು ಅದರ ಮೈಮೇಲೆ ಬೆಳೆದದ್ದನ್ನು ತಿಂದು ಬದುಕುತ್ತವೆ.

ಮುಳುಗುವ ಮನೆ, ಮುಳುಗದ ಮನೆ

ಯಾವ ತೇಲುಮನೆಯೂ ಶಾಶ್ವತವಲ್ಲ. ಕಳೆಯ ಎಳೆಯ ಚಿಗುರಿನಲ್ಲಿ ಕಹಿ ರಾಸಾಯನಿಕಗಳಿದ್ದು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಬಲಿತ ಕಾಂಡದ ಮೇಲೆ ಒಕ್ಕಲುಗಳು ಹೆಚ್ಚುತ್ತ ಹೋಗುತ್ತವೆ. ಸುಣ್ಣದ ಚಿಪ್ಪು, ಬಾರ್ನಕಲ್, ಹುಳುಗಳ ಕೊಳವೆ ಎಲ್ಲ ಸೇರಿ ಭಾರ ಏರುತ್ತದೆ. ಬಿರುಗಾಳಿ ನೀರಿನಾಳಕ್ಕೆ ಅದುಮಿದರೆ ಒತ್ತಡಕ್ಕೆ ಗುಳ್ಳೆಗಳ ಗಾಳಿ ಹೋಗುತ್ತದೆ. ಆಮೇಲೆ ನಿಧಾನ ಇಳಿಕೆ. ಸಾವಿರಾರು ಮೀಟರ್ ಆಳದ ಕತ್ತಲಿನ ತಳದಲ್ಲಿ ಸಾರ್ಗಾಸಮ್ ತುಣುಕುಗಳು ಸಿಕ್ಕಿವೆ. ಅಲ್ಲಿನ ಹಸಿದ ಜೀವಿಗಳಿಗೆ ಮೇಲಿಂದ ಬಿದ್ದ ಬುತ್ತಿ ಅದು.

ಈ ಹಳೆಯ ಲೆಕ್ಕವನ್ನು ನಾವು ಕೆಡಿಸಿದ್ದು ಮುಳುಗದ ತೆಪ್ಪವನ್ನು ಕಡಲಿಗೆ ಬಿಟ್ಟು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನಿಂದ ಕೊಚ್ಚಿಹೋದ ದೋಣಿ, ಬೋಯಾ, ಪ್ಲಾಸ್ಟಿಕ್ಕಿನ ಮೇಲೆ ಸವಾರಿ ಮಾಡಿ 289 ಜಪಾನೀ ಪ್ರಭೇದಗಳು ಜೀವಂತವಾಗಿ ಹವಾಯಿ ಮತ್ತು ಉತ್ತರ ಅಮೆರಿಕದ ದಡ ಸೇರಿದವು ಎಂದು 2017ರಲ್ಲಿ ಜೇಮ್ಸ್ ಕಾರ್ಲ್‌ಟನ್ ತಂಡ ಲೆಕ್ಕ ಕೊಟ್ಟಿತು. ಆರು ವರ್ಷಗಳ ನಂತರವೂ ಜೀವಿಗಳು ಬಂದಿಳಿಯುತ್ತಲೇ ಇದ್ದವು. ಬಂಡೆಯಿಂದ ಕಿತ್ತ ಯಾವ ಕಳೆಯೂ ಅಷ್ಟು ಕಾಲ ತೇಲಿ ಉಳಿಯುತ್ತಿರಲಿಲ್ಲ. ಉತ್ತರ ಪೆಸಿಫಿಕ್ ನಡುವೆ ಕಸ ಸುತ್ತುವ ಸುಳಿಯಲ್ಲಿ ದಡದ ಜೀವಿಗಳು ಪ್ಲಾಸ್ಟಿಕ್ಕಿನ ಮೇಲೆ ಮರಿ ಮಾಡಿ ಬದುಕುತ್ತಿರುವುದು 2023ರಲ್ಲಿ ವರದಿಯಾಯಿತು. ಚೀಲದಲ್ಲಿ ಮರಿ ಹೊರುವ ಆಂಫಿಪಾಡ್‌ಗಳು ಅಲ್ಲೂ ಇದ್ದವು. ಕಳೆಯಿಂದ ಕಲಿತ ವಿದ್ಯೆ ಪ್ಲಾಸ್ಟಿಕ್ಕಿಗೂ ಒಗ್ಗಿದೆ. ಇದನ್ನು ಜೀವದ ಗೆಲುವೆಂದು ಸಂಭ್ರಮಿಸಲು ನನ್ನಿಂದಾಗದು. ಹೊಸ ದಡದಲ್ಲಿ ಇಳಿದ ಅತಿಥಿ ಅಲ್ಲಿಯ ಮೂಲನಿವಾಸಿಯನ್ನು ಓಡಿಸಿದ ಉದಾಹರಣೆಗಳು ಲೋಕದ ತುಂಬ ಇವೆ.

ಇನ್ನೊಂದು ಕಡೆ ಕಳೆಯೇ ಮಿತಿಮೀರಿದೆ. 2011ರಿಂದ ಸಮಭಾಜಕದ ಹತ್ತಿರದ ಅಟ್ಲಾಂಟಿಕ್‌ನಲ್ಲಿ ಸಾರ್ಗಾಸಮ್‌ನ ಹೊಸ ಪಟ್ಟಿಯೊಂದು ಹೆಚ್ಚುಕಡಿಮೆ ಪ್ರತಿ ವರ್ಷ ಮೂಡುತ್ತಿದೆ. 2018ರ ಜೂನ್‌ನಲ್ಲಿ ಅದು ಪಶ್ಚಿಮ ಆಫ್ರಿಕಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದಕ್ಕೆ ಚಾಚಿತ್ತು. ತೂಕ ಎರಡು ಕೋಟಿ ಟನ್‌ಗೂ ಹೆಚ್ಚು. ಉಪಗ್ರಹ ಚಿತ್ರಗಳಿಂದ ಅಳೆದವರು ದಕ್ಷಿಣ ಫ್ಲೋರಿಡಾ ವಿಶ್ವವಿದ್ಯಾಲಯದ ಮೆಂಗ್‌ಚಿಯು ವಾಂಗ್, ಚುವಾನ್‌ಮಿನ್ ಹು ಮತ್ತು ಸಂಗಡಿಗರು. ಆ ವರ್ಷ ಬಾರ್ಬಡೋಸ್ ದೇಶ ತುರ್ತುಸ್ಥಿತಿ ಘೋಷಿಸಬೇಕಾಯಿತು. ದಡಕ್ಕೆ ಬಿದ್ದು ಕೊಳೆತ ಕಳೆಯಿಂದ ಕೊಳೆತ ಮೊಟ್ಟೆಯ ನಾತ ಹೊಮ್ಮುತ್ತದೆ. ಆ ಅನಿಲಕ್ಕೆ ಜನರ ಉಸಿರು ಕಟ್ಟುತ್ತದೆ, ಬಣ್ಣ ಕೆಟ್ಟ ನೀರಿನಡಿಯಲ್ಲಿ ಹವಳ ಸಾಯುತ್ತದೆ. ಮೀನುಗಾರರ ದೋಣಿ ಕಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅವರ ಸಂಕಟವನ್ನು ಹಗುರವಾಗಿ ಕಾಣುವ ಹಕ್ಕು ದೂರ ಕೂತ ನಮಗಿಲ್ಲ.

ಆದ್ದರಿಂದ ಕಳೆ ದಡಕ್ಕೆ ಬರುವ ಮುನ್ನವೇ ನೀರಿನಲ್ಲಿ ಬಾಚಿ ತೆಗೆಯುವ ದೋಣಿಗಳು ಬಂದಿವೆ. ಗೊಬ್ಬರ, ಇಟ್ಟಿಗೆ, ಇಂಧನ ಮಾಡುವ ಯೋಜನೆಗಳೂ ಇವೆ. ನನ್ನ ಆತಂಕ ಇರುವುದು ಇಲ್ಲಿ. ದಡದ ಹತ್ತಿರ, ಹೇಗೂ ಸಾಯಲಿರುವ ಕಳೆಯನ್ನು ತೆಗೆಯುವುದು ಬೇರೆ. ನಡುಗಡಲಿನಲ್ಲಿ ಜೀವ ತುಂಬಿರುವ ಕಳೆಯನ್ನು ಕೊಯ್ಯುವುದು ಬೇರೆ. ಎರಡನೆಯದಕ್ಕೆ ಟನ್ ಲೆಕ್ಕದಲ್ಲಿ ಬೆಲೆ ಕಟ್ಟುವಾಗ, ಬಲೆಯೊಳಗೆ ಬಂದ ಸೀಗಡಿ, ಏಡಿ, ಆಮೆಮರಿಗಳನ್ನು ಎಣಿಸುವವರು ಯಾರು? ಅಮೆರಿಕ ತನ್ನ ಆಗ್ನೇಯ ತೀರದಲ್ಲಿ 2003ರಲ್ಲೇ ಕಟ್ಟುನಿಟ್ಟಿನ ನಿಯಮ ತಂದು, ವರ್ಷಕ್ಕೆ 5,000 ಪೌಂಡ್ ಹಸಿ ಕಳೆಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. 5,000 ಪೌಂಡ್ ಎಂದರೆ ಎರಡೂಕಾಲು ಟನ್‌ಗಿಂತ ತುಸು ಹೆಚ್ಚು, ಅಷ್ಟೆ. ಅದು ಸರಿಯಾದ ನಡೆ.

ಕಳೆ ಹೆಚ್ಚಾಗಿದೆಯಲ್ಲ, ಇನ್ನೇನು ಚಿಂತೆ ಎನ್ನುವವರು ಇನ್ನೊಂದು ಸುದ್ದಿಯನ್ನೂ ಗಮನಿಸಬೇಕು. ಹಳೆಯ ಮನೆಯಾದ ಉತ್ತರ ಸಾರ್ಗಾಸೋದಲ್ಲಿ 2015ರಿಂದೀಚೆಗೆ ಕಳೆ ತೀವ್ರವಾಗಿ ಕುಸಿದಿದೆ ಎಂದು 2025ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಒಂದೆಡೆ ಬೇಡವಾದಷ್ಟು, ಇನ್ನೊಂದೆಡೆ ಬೇಕಾದಷ್ಟೂ ಇಲ್ಲ. ಒಟ್ಟು ತೂಕ ಕೂಡಿಸಿ ನೋಡಿದರೆ ಈ ನಷ್ಟ ಕಾಣುವುದೇ ಇಲ್ಲ. 2014ರ ಮಾರ್ಚ್‌ನಲ್ಲಿ ಬರ್ಮುಡಾದ ಹ್ಯಾಮಿಲ್ಟನ್‌ನಲ್ಲಿ ಐದು ಸರ್ಕಾರಗಳು ಸಾರ್ಗಾಸೋ ರಕ್ಷಣೆಗೆಂದು ಘೋಷಣೆಗೆ ಸಹಿ ಹಾಕಿದವು, ಆದರೆ ಅದಕ್ಕೆ ಕಾನೂನಿನ ಹಲ್ಲಿಲ್ಲ. ಯಾವ ದೇಶಕ್ಕೂ ಸೇರದ ಕಡಲಿನ ಜೀವವೈವಿಧ್ಯಕ್ಕಾಗಿ ವಿಶ್ವಸಂಸ್ಥೆಯಲ್ಲಿ 2023ರಲ್ಲಿ ಒಪ್ಪಂದವೊಂದು ಅಂಗೀಕಾರವಾಯಿತು. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಮಾಡಿದೆ. ಆ ಒಪ್ಪಂದದ ಮೊದಲ ಫಲಗಳಲ್ಲಿ ಈ ದಡವಿಲ್ಲದ ಸಮುದ್ರದ ರಕ್ಷಣೆಯೂ ಒಂದಾಗಬೇಕು.

ಸಾರ್ಗಾಸೋ ನೋಡಲು ಹೋಗುವ ಭಾಗ್ಯ ನಮ್ಮಲ್ಲಿ ಬಹಳ ಜನಕ್ಕೆ ಇಲ್ಲ. ಸಾರ್ಗಾಸಮ್ ನೋಡಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅದೇ ಕುಲದ, ಬಂಡೆಗೆ ಅಂಟಿ ಬೆಳೆಯುವ ಪ್ರಭೇದಗಳು ಉತ್ತರ ಕನ್ನಡದ ಬಂಡೆತೀರಗಳಲ್ಲಿ ಮಳೆಗಾಲ ಮುಗಿದ ಮೇಲೆ ಚೆನ್ನಾಗಿ ಬೆಳೆಯುತ್ತವೆ. ಅಲೆಗೆ ಕಿತ್ತ ಗೆಲ್ಲುಗಳು ಗುಳ್ಳೆಗಳ ಬಲದಿಂದ ತೇಲುತ್ತ ಮರಳಿಗೆ ಬಂದು ಬೀಳುತ್ತವೆ. ಕಾರವಾರ, ಗೋಕರ್ಣದ ಕಡೆ ಬೆಳಗಿನ ಹೊತ್ತು ದಡದಲ್ಲಿ ನಡೆದವರು ಅದನ್ನು ಕಸವೆಂದುಕೊಂಡು ದಾಟಿ ಹೋಗಿರುತ್ತಾರೆ. ನಾನೂ ಎಷ್ಟೋ ವರ್ಷ ದಾಟಿ ಹೋಗಿದ್ದೇನೆ.

ಮುಂದಿನ ಸಲ ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಜೊತೆಗೊಂದು ಬಿಳಿ ಬೋಗುಣಿ ಇರಲಿ. ಅದಕ್ಕೆ ಕಡಲ ನೀರನ್ನೇ ತುಂಬಿಸಿ. ನಲ್ಲಿ ನೀರು ಬೇಡ, ಅದರಲ್ಲಿ ಈ ಜೀವಿಗಳು ಸಾಯುತ್ತವೆ. ಅಲೆಯಂಚಿನಲ್ಲಿ ಇನ್ನೂ ಒದ್ದೆಯಾಗಿರುವ ಒಂದು ಹಿಡಿ ಕಳೆಯನ್ನು ಅದರಲ್ಲಿ ಅದ್ದಿ ಮೆಲ್ಲಗೆ ಅಲುಗಾಡಿಸಿ, ಹೊರತೆಗೆದು, ನೀರು ತಿಳಿಯಾಗುವ ತನಕ ಕಾಯಿರಿ. ಬಿಳಿ ತಳದ ಮೇಲೆ ಏನಾದರೂ ಓಡಾಡಿದರೆ ಎಣಿಸಿ. ಎಣಿಸಿ ಮುಗಿದ ಮೇಲೆ ನೀರನ್ನೂ ಕಳೆಯನ್ನೂ ಒಟ್ಟಿಗೇ ಕಡಲಿಗೆ ಮರಳಿಸಿ.